ಮುಂದಿನ ಗಾಡಿ ಎಷ್ಟು ಹೊತ್ತಿಗೆ?

ನಮ್ಮ ಮನೆಯಲ್ಲಿ ದೊಡ್ಡ ವಿಷಯಗಳಿಗೆ ಜಗಳವಾಗುವುದಿಲ್ಲ, ಮೌನವಾಗುತ್ತದೆ. ಜಗಳವೇನಿದ್ದರೂ ಸಣ್ಣಪುಟ್ಟದಕ್ಕೆ. ಹಾಗಾಗಿಯೇ 2025ರ ಏಪ್ರಿಲ್‌ನಲ್ಲಿ ಮಗಳು ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಗಿಸಿ ಬಂದು, 'ನಾನು ಪಿಯುಸಿಗೆ ಸೈನ್ಸ್ ತಗೊಳ್ಳಲ್ಲಪ್ಪಾ, ಆರ್ಟ್ಸ್‌ನಲ್ಲಿ ಭೂಗೋಳ ಓದ್ತೀನಿ' ಎಂದಾಗ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಅದೇ ವಾರ, ಯೂರೋಪಿನಲ್ಲಿ ಎರಡು ರಾತ್ರಿ ಎಲ್ಲಿ ತಂಗಬೇಕು ಎಂಬ ಪ್ರಶ್ನೆಗೆ ಮಾತ್ರ ಅಕ್ಕಪಕ್ಕದವರಿಗೆ ಕೇಳುವಷ್ಟು ಗಲಾಟೆಯಾಯಿತು.

ಯೂರೋಪು ಎಂದಕೂಡಲೇ ನಮ್ಮನ್ನು ಭಾರೀ ಕುಳ ಎಂದುಕೊಳ್ಳಬೇಡಿ. ನಾನು ಹಾಸನದಲ್ಲಿ ಬ್ಯಾಂಕ್ ನೌಕರ. ಭಾವಮೈದುನ ಜ್ಯೂರಿಕ್‌ನಲ್ಲಿದ್ದಾನೆ. ಉಳಿಯಲು ಅವನ ಮನೆ ಇದೆಯೆಂಬ ಧೈರ್ಯದ ಮೇಲೆ, ನಾಲ್ಕು ವರ್ಷ ಆರ್‌ಡಿ ಕಟ್ಟಿ ಕೂಡಿಸಿದ ಹಣದಲ್ಲಿ ಹೊರಟವರು ನಾವು. ವಿಮಾನದ ಟಿಕೆಟ್ ಅಗ್ಗವೆಂದು ಇಳಿಯುವುದು ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ, ವಾಪಸು ಹತ್ತುವುದು ಇಟಲಿಯ ಮಿಲಾನ್‌ನಲ್ಲಿ ಎಂದು ಗೊತ್ತು ಮಾಡಿದ್ದೆವು. ನಡುವಿನದೆಲ್ಲ ರೈಲು. ಷೆಂಗೆನ್ ವೀಸಾ ಒಂದೇ 29 ದೇಶಗಳಿಗೆ ಸಾಕು. ಆದರೆ ಯಾವ ದೇಶದಲ್ಲಿ ಹೆಚ್ಚು ದಿನ ಇರುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು, ಪ್ರತಿ ರಾತ್ರಿ ಎಲ್ಲಿರುತ್ತೀರಿ ಎಂದೂ ತೋರಿಸಬೇಕು. ಜ್ಯೂರಿಕ್ ಬಿಟ್ಟು ಮಿಲಾನ್ ಸೇರುವವರೆಗಿನ ಎರಡು ರಾತ್ರಿಗಳ ಖಾನೆ ಮಾತ್ರ ಖಾಲಿ ಉಳಿದಿತ್ತು.

ನನ್ನ ಮತ ಯುಂಗ್‌ಫ್ರೌಗೆ. 3,454 ಮೀಟರ್ ಎತ್ತರದವರೆಗೆ 1912ರಿಂದಲೇ ರೈಲು ಹತ್ತುತ್ತಿದೆ. ಅದಕ್ಕಿಂತ ಮುಖ್ಯವಾದ ಕಾರಣ, ವಾಪಸು ಬಂದಮೇಲೆ ಬ್ಯಾಂಕಿನಲ್ಲಿ ಯಾರಾದರೂ ಕೇಳಿದರೆ ಹೇಳಿಕೊಳ್ಳಲು ಒಂದು ಹೆಸರು ಬೇಕಲ್ಲ! ನನ್ನಾಕೆಗೆ ಮಂಡಿನೋವು. 'ಯಾವ ಊರಾದ್ರೂ ಸರಿ, ಎರಡು ರಾತ್ರಿನೂ ಒಂದೇ ಕಡೆ ಇರ್ಬೇಕು. ದಿನಾ ಗಂಟುಮೂಟೆ ಕಟ್ಟಿ ಬಿಚ್ಚೋಕೆ ನನ್ನ ಕೈಲಾಗಲ್ಲ' ಎಂದಳು. ಹನ್ನೊಂದು ವರ್ಷದ ಮಗನಿಗೆ ಹಿಮ ಕೈಗೆ ಸಿಗಬೇಕು; ನೋಡಿದರೆ ಸಾಲದು, ಉಂಡೆ ಮಾಡಿ ಅಕ್ಕನಿಗೆ ಎಸೆಯಬೇಕು. ಮಗಳು ಮಾತ್ರ ಏನೂ ಹೇಳದೆ ಕೇಳುತ್ತಿದ್ದಳು. ಮೂರನೆಯ ದಿನ ತಲೆ ಚಿಟ್ಟುಹಿಡಿದು, 'ನೀನೇ ಆರಿಸಮ್ಮ, ನಮಗೆ ಸಾಕಾಯ್ತು' ಎಂದೆ. ನಿಜ ಹೇಳಬೇಕೆಂದರೆ, ಭೂಗೋಳದ ಮಾತಿನಿಂದ ಮುಖ ಊದಿಸಿಕೊಂಡಿದ್ದವಳನ್ನು ಸಮಾಧಾನ ಮಾಡುವ ಉಪಾಯ ಅದು.

ಅವಳು ಅದನ್ನು ಉಪಾಯವೆಂದು ತಿಳಿಯಲಿಲ್ಲ. ಗಣಿತದ ನೋಟ್‌ಬುಕ್ಕಿನಲ್ಲಿ ಉಳಿದಿದ್ದ ಖಾಲಿ ಹಾಳೆಗಳಲ್ಲಿ ಸ್ಕೇಲು ಇಟ್ಟು ಗೆರೆ ಎಳೆದು, ಊರುಗಳ ಹೆಸರನ್ನು ಮೇಲೆ ಬರೆದು, ಪಕ್ಕದಲ್ಲಿ ನಾಲ್ಕು ಪ್ರಶ್ನೆ ಹಾಕಿಕೊಂಡಳು. ಒಂದು, ಊರು ದಾರಿಯಲ್ಲೇ ಇದೆಯೋ, ದಾರಿ ಬಿಟ್ಟು ಹೋಗಬೇಕೋ? ಎರಡು, ಸ್ಟೇಷನ್‌ನಿಂದ ಸೂಟ್‌ಕೇಸ್ ಎಳೆದುಕೊಂಡು ಎಷ್ಟು ದೂರ ನಡೆಯಬೇಕು? ಮೂರು, ಮಳೆ ಬಂದರೆ ಏನು ಮಾಡುವುದು? ನಾಲ್ಕು, ಗಾಡಿ ತಪ್ಪಿದರೆ ಮುಂದಿನ ಗಾಡಿ ಎಷ್ಟು ಹೊತ್ತಿಗೆ?

ಈ ನಾಲ್ಕು ಪ್ರಶ್ನೆಗಳ ಮುಂದೆ ನನ್ನ ಯುಂಗ್‌ಫ್ರೌ ಮೊದಲನೆಯದರಲ್ಲೇ ಸೋತಿತು. ಅದು ನೇರ ದಾರಿಯಲ್ಲಿಲ್ಲ. ಕೈಯಲ್ಲಿ ಪಾಸಿದ್ದರೂ ಶಿಖರದವರೆಗೆ ಹೋಗಲು ಪ್ರತ್ಯೇಕ ಹಣ ತೆರಬೇಕು. ಮೇಲೆ ಹೋದಾಗ ಮೋಡ ಕವಿದಿದ್ದರೆ ಅಷ್ಟೂ ಹಣ ಮೋಡಕ್ಕೇ. ಲೂಸರ್ನ್‌ಗೆ ಒಳ್ಳೆಯ ಅಂಕಗಳೇ ಬಿದ್ದವು. ಸರೋವರ ಸ್ಟೇಷನ್ನಿನ ಎದುರಿಗೇ ಇದೆ, ಮಳೆ ಬಂದರೂ ಹಡಗಿನಲ್ಲಿ ಕೂರಬಹುದು. ಆದರೆ ಅಲ್ಲಿಂದ ಮಿಲಾನ್‌ಗೆ ಹೋಗುವ ವೇಗದ ಗಾಡಿ 2016ರಲ್ಲಿ ತೆರೆದ ಗೊಟ್‌ಹಾರ್ಡ್ ತಳಸುರಂಗದೊಳಗೆ ನುಗ್ಗುತ್ತದೆ. ಉದ್ದ 57 ಕಿಲೋಮೀಟರ್. 'ನಮ್ಮ ಸಕಲೇಶಪುರ-ಸುಬ್ರಹ್ಮಣ್ಯ ದಾರೀಲಿ 57 ಸುರಂಗ ಇದೆ, ನಡುನಡುವೆ ಬೆಟ್ಟನೂ ಕಾಣುತ್ತೆ, ಹೊಳೆನೂ ಕಾಣುತ್ತೆ. ಇಲ್ಲಿ ಒಂದೇ ಸುರಂಗ, 57 ಕಿಲೋಮೀಟರ್ ಕತ್ತಲೆ. ಆಲ್ಪ್ಸ್ ನೋಡೋಕೆ ಹೋಗಿ ಆಲ್ಪ್ಸ್ ಕೆಳಗೆ ನುಸುಳಿ ಬರೋದಾ ಅಪ್ಪಾ?' ಎಂದಳು. 1882ರ ಹಳೆಯ ಗೊಟ್‌ಹಾರ್ಡ್ ದಾರಿಯೂ ಇದೆ. ಅದರಲ್ಲಿ ಗಾಡಿ ಬೆಟ್ಟದೊಳಗೆ ಸುತ್ತಿ ಸುತ್ತಿ ಏರುವುದರಿಂದ ವಾಸೆನ್ ಎಂಬ ಊರಿನ ಒಂದೇ ಚರ್ಚು ಮೂರು ಸಲ, ಮೂರು ಎತ್ತರದಲ್ಲಿ ಕಾಣುತ್ತದಂತೆ. ಅದಕ್ಕೆ ಎರಡನೇ ಸ್ಥಾನ.

ಮೊದಲ ಸ್ಥಾನ ಗಳಿಸಿದ ಊರಿನ ಹೆಸರು ನಾನು ಕೇಳಿಯೇ ಇರಲಿಲ್ಲ. ಪೊಸ್ಕ್ಯಾವೊ. ಸ್ವಿಟ್ಜರ್ಲೆಂಡಿನ ಆಗ್ನೇಯ ಮೂಲೆಯಲ್ಲಿ, ಇಟಲಿಗೆ ಅಂಟಿಕೊಂಡ ಕಣಿವೆಯ ಪುಟ್ಟ ಪೇಟೆ. ಜ್ಯೂರಿಕ್‌ನಿಂದ ಕೂರ್ ಎಂಬ ಊರಿಗೆ ದೊಡ್ಡ ಗಾಡಿ. ಅಲ್ಲಿಂದ ಮೀಟರ್ ಗೇಜಿನ ಕೆಂಪು ರೈಲು ಆಲ್ಬುಲಾ, ಬೆರ್ನೀನಾ ಎಂಬ ಎರಡು ಬೆಟ್ಟಸಾಲು ದಾಟಿ ಇಟಲಿಯ ತಿರಾನೊದವರೆಗೆ ಹೋಗುತ್ತದೆ. 2008ರಲ್ಲಿ ಯುನೆಸ್ಕೊ ಈ ರೈಲುದಾರಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 'ಇಲ್ಲಿ ಊರು ನೋಡೋಕೆ ಇಳಿಯೋದಲ್ಲಪ್ಪಾ. ದಾರೀನ ಅವಸರ ಇಲ್ದೆ ನೋಡೋಕೆ ಇಳಿಯೋದು' ಎಂದು ತೀರ್ಪು ಕೊಟ್ಟಳು.

ಖರ್ಚಿನ ಲೆಕ್ಕವೂ ಅವಳದೇ. ಸ್ವಿಸ್ ಫ್ರಾಂಕ್ ಆಗಲೇ ನೂರು ರೂಪಾಯಿ ದಾಟಿತ್ತು. ಸ್ವಿಸ್ ಟ್ರಾವೆಲ್ ಪಾಸ್ ಕನಿಷ್ಠ ಮೂರು ದಿನದ್ದು. ನಮಗೂ ಸರಿಯಾಗಿ ಮೂರು ದಿನ ಬೇಕಿತ್ತು. ಪಾಸು ಪಡೆದ ತಂದೆ ತಾಯಿಯ ಜೊತೆಗಿದ್ದರೆ ಹದಿನಾರು ತುಂಬದ ಮಕ್ಕಳಿಗೆ ಟಿಕೆಟ್ಟೇ ಇಲ್ಲ. 'ನನಗೆ ಹದಿನಾರು ತುಂಬೋಕೆ ಇನ್ನೂ ಎರಡು ತಿಂಗಳಿದೆ. ಹೋಗೋದಾದ್ರೆ ಈಗಲೇ ಹೋಗ್ಬೇಕು' ಎಂದಳು. ಗಾಜಿನ ಚಾವಣಿಯ ಬೆರ್ನೀನಾ ಎಕ್ಸ್‌ಪ್ರೆಸ್‌ಗೆ ಸೀಟು ಕಾಯ್ದಿರಿಸಲೇಬೇಕು, ಅದಕ್ಕೆ ಬೇರೆ ಹಣ. ಅದೇ ಹಳಿಯ ಮೇಲೆ ಓಡುವ ಸಾಮಾನ್ಯ ಗಾಡಿಗೆ ಕಾಯ್ದಿರಿಸುವ ಗೊಡವೆಯಿಲ್ಲ, ಕೆಲವು ಡಬ್ಬಿಗಳಲ್ಲಿ ಕಿಟಕಿಯೂ ತೆರೆಯುತ್ತದೆ. ಬೆಟ್ಟ ಎರಡಕ್ಕೂ ಒಂದೇ.

ಮೇ 18ರ ಬೆಳಿಗ್ಗೆ ಜ್ಯೂರಿಕ್ ಬಿಟ್ಟೆವು. ಕೂರ್‌ನಲ್ಲಿ ಕೆಂಪು ಗಾಡಿ ಹತ್ತಿದ ಮೇಲೆ ಮಗಳು ಕಿಟಕಿ ಬಿಟ್ಟು ಏಳಲಿಲ್ಲ. ಲಾಂಡ್‌ವಾಸರ್ ಸೇತುವೆ ಬಂದಾಗ ಡಬ್ಬಿಯಲ್ಲಿದ್ದವರೆಲ್ಲ ಎದ್ದು ನಿಂತರು. 65 ಮೀಟರ್ ಎತ್ತರದ ಕಲ್ಲಿನ ಕಮಾನುಗಳ ಮೇಲೆ ಗಾಡಿ ಬಿಲ್ಲಿನಂತೆ ಬಾಗಿ, ಕಡಿದಾದ ಬಂಡೆಯೊಳಗಿನ ಸುರಂಗಕ್ಕೆ ನೇರವಾಗಿ ನುಗ್ಗಿತು. ಅದರಾಚೆ ಬೆರ್ಗೂನ್ ಎಂಬ ಹಳ್ಳಿ ಒಮ್ಮೆ ಎಡಗಡೆ ಕಂಡಿತು, ಇನ್ನೊಮ್ಮೆ ಬಲಗಡೆ ಕಂಡಿತು, ಪ್ರತಿ ಸಲವೂ ಇನ್ನಷ್ಟು ಕೆಳಗೆ. 'ಡ್ರೈವರ್‌ಗೆ ದಾರಿ ತಪ್ಪಿದೆ' ಎಂದು ಮಗ ಘೋಷಿಸಿದ. ನಿಲ್ದಾಣಗಳ ಹೆಸರನ್ನು ಬೇರೆ ಬೇರೆ ಭಾಷೆಯಲ್ಲಿ ಕೂಗುತ್ತಿದ್ದರು. ಜರ್ಮನ್, ಇಟಾಲಿಯನ್ ಜೊತೆಗೆ ಈ ಪ್ರಾಂತ್ಯದಲ್ಲಿ ರೋಮಾನ್ಷ್ ಎಂಬ ಮೂರನೆಯ ಅಧಿಕೃತ ಭಾಷೆಯಿದೆ. ಇಡೀ ದೇಶದಲ್ಲಿ ನೂರಕ್ಕೆ ಒಬ್ಬರೂ ಆಡದ ಈ ಭಾಷೆಗೆ 1938ರಲ್ಲೇ ಜನಮತ ತೆಗೆದುಕೊಂಡು ರಾಷ್ಟ್ರಭಾಷೆಗಳ ಸಾಲಿನಲ್ಲಿ ಜಾಗ ಕೊಟ್ಟರು. ನನ್ನ ತುಳು, ಕೊಡವ ಗೆಳೆಯರು ನೆನಪಾದರು.

ಇನ್ನೊಂದು ಗಾಡಿಗೆ ಬದಲಾಯಿಸಿ ಬೆರ್ನೀನಾ ಏರಿದೆವು. ನೂರು ಮೀಟರ್ ಮುಂದೆ ಹೋದರೆ ಏಳು ಮೀಟರ್ ಏರುವ ದಾರಿ; ಆದರೂ ಹಲ್ಲಿನ ಹಳಿಯಿಲ್ಲ. ನಮ್ಮ ಸಕಲೇಶಪುರದ ಘಟ್ಟದಲ್ಲಿ ನೂರಕ್ಕೆ ಎರಡು ಮೀಟರ್. ಊಟಿಯ ರೈಲು ಇದಕ್ಕಿಂತ ಕಡಿದು ನಿಜ, ಆದರೆ ಅದಕ್ಕೆ ಹಲ್ಲಿನ ಹಳಿಯ ಆಸರೆಯಿದೆ. ಆ ಹಳಿಯ ವಿಧಾನವೂ ಸ್ವಿಸ್ ಎಂಜಿನಿಯರ್ ರೋಮನ್ ಆಬ್ಟ್‌ನದೇ ಎಂದು ಮಗಳೇ ಹೇಳಿದಳು. ತುದಿಯಲ್ಲಿರುವ ಓಸ್ಪಿಟ್ಸಿಯೊ ಬೆರ್ನೀನಾ ನಿಲ್ದಾಣ 2,253 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತಲೂ ಮುನ್ನೂರು ಮೀಟರ್ ಮೇಲೆ ರೈಲು ನಿಲ್ದಾಣ! ಮೇ ತಿಂಗಳಲ್ಲೂ ಕೆರೆ ಹೆಪ್ಪುಗಟ್ಟಿ ಬೆಳ್ಳಗೆ ಮಲಗಿತ್ತು.

'ಅಪ್ಪಾ, ಇದು ನಮ್ಮ ಬಿಸಿಲೆ ಥರ' ಎಂದಳು ಮಗಳು. ಸಕಲೇಶಪುರ ತಾಲೂಕಿನ ಬಿಸಿಲೆಯ ಹತ್ತಿರ ಒಂದು ದಿಣ್ಣೆಯಿದೆ. ಅಲ್ಲಿ ಬಿದ್ದ ಮಳೆ ಒಂದು ಪಕ್ಕಕ್ಕೆ ಹರಿದರೆ ಅರಬ್ಬೀ ಸಮುದ್ರ, ಇನ್ನೊಂದು ಪಕ್ಕಕ್ಕೆ ಹರಿದರೆ ಬಂಗಾಳ ಕೊಲ್ಲಿ. ಇಲ್ಲಿಯೂ ಹಾಗೆಯೇ ಅಕ್ಕಪಕ್ಕದಲ್ಲಿ ಎರಡು ಕೆರೆ. ಲೇ ನೈರ್ ಎಂದರೆ ಕಪ್ಪು ಕೆರೆ. ಅದರ ನೀರು ಇನ್ ನದಿ ಸೇರಿ, ಡ್ಯಾನ್ಯೂಬ್ ಆಗಿ ಕಪ್ಪು ಸಮುದ್ರಕ್ಕೆ ಹೋಗುತ್ತದೆ. ಲಾಗೊ ಬಿಯಾಂಕೊ ಎಂದರೆ ಬಿಳಿ ಕೆರೆ. ಅದರ ನೀರು ಇಟಲಿಗಿಳಿದು ಏಡ್ರಿಯಾಟಿಕ್ ಸಮುದ್ರ ಸೇರುತ್ತದೆ. 'ಇಲ್ಲಿ ನಾಲ್ಕು ಹೆಜ್ಜೆ ವ್ಯತ್ಯಾಸ, ಅಲ್ಲಿ ಬೇರೆ ಬೇರೆ ಸಮುದ್ರ' ಎಂದು ಅವಳು ಹೇಳಿದಾಗ ನಾನು ಹ್ಞೂಂ ಎಂದೆ. ನನ್ನ ತಲೆಯಲ್ಲಿ ಓಡುತ್ತಿದ್ದುದು ಮನೆಯ ಡ್ರಾಯರ್‌ನಲ್ಲಿದ್ದ ಕಾಲೇಜಿನ ಅರ್ಜಿ. ಮೇ 2ರಂದು ಫಲಿತಾಂಶ ಬಂದು ಶೇಕಡಾ 88 ಬಿದ್ದ ದಿನವೇ ನಾನು ಅದರಲ್ಲಿ ವಿಜ್ಞಾನ ಎಂಬಲ್ಲಿ ಪೆನ್ಸಿಲ್ಲಿನಲ್ಲಿ ಗುರುತು ಹಾಕಿಟ್ಟಿದ್ದೆ.

ಅಲ್ಲಿಂದ ಗಾಡಿ ತಿರುವು ತಿರುವಾಗಿ 1,200 ಮೀಟರಿಗೂ ಹೆಚ್ಚು ಕೆಳಗಿಳಿಯಿತು. ಹಿಮ ಹೋಗಿ ಕಾಡು, ಕಾಡು ಹೋಗಿ ಹುಲ್ಲುಗಾವಲು, ಹುಲ್ಲುಗಾವಲು ಹೋಗಿ ಕಾಯಿಪಲ್ಲೆಯ ಮಡಿಗಳು. ಪೊಸ್ಕ್ಯಾವೊದಲ್ಲಿ ಇಳಿದಾಗ ಸಂಜೆಯ ಬಿಸಿಲು. ವಸತಿ ಸ್ಟೇಷನ್ನಿಗೆ ಹತ್ತಿರ, ಕೋಣೆಯಲ್ಲೇ ಪುಟ್ಟ ಒಲೆ. ನನ್ನಾಕೆ ಮಗಳ ಬೆನ್ನು ತಟ್ಟಿದಳು. ಹಾಲು, ಬ್ರೆಡ್ಡು, ತರಕಾರಿ ತರೋಣವೆಂದು ಚೀಲ ಹಿಡಿದು ಹೊರಟೆವು.

ಒಂದು ಅಂಗಡಿಯೂ ತೆರೆದಿರಲಿಲ್ಲ. ಆ ದಿನ ಭಾನುವಾರ. ಸ್ವಿಟ್ಜರ್ಲೆಂಡಿನಲ್ಲಿ ಭಾನುವಾರ ಅಂಗಡಿಗಳಿಗೆ ರಜೆ; ದೊಡ್ಡ ಊರಿನ ಸ್ಟೇಷನ್ನಿನಲ್ಲಿ ಏನಾದರೂ ಸಿಕ್ಕೀತೇ ಹೊರತು ಇಂಥ ಸಣ್ಣ ಪೇಟೆಯಲ್ಲಿಲ್ಲ. ಜ್ಯೂರಿಕ್‌ಗೆ ನಾವು ಬಂದದ್ದು ಸೋಮವಾರ, ಹೊರಟದ್ದು ಭಾನುವಾರ. ಹಾಗಾಗಿ ಈ ಸಂಗತಿ ಗೊತ್ತಾಗಲು ಅವಕಾಶವೇ ಆಗಿರಲಿಲ್ಲ. ಭಾವಮೈದುನನ ಮನೆಯಿಂದ ತಂದ ಚಪಾತಿಯನ್ನು ಮಗ ಬೆರ್ನೀನಾದ ತುದಿ ತಲುಪುವ ಮೊದಲೇ ಮುಗಿಸಿದ್ದ. ತೆರೆದಿದ್ದ ಒಂದು ಹೋಟೆಲಿನ ಬಾಗಿಲಲ್ಲಿ ತೂಗುಹಾಕಿದ್ದ ದರಪಟ್ಟಿಯನ್ನು ಮನಸ್ಸಿನಲ್ಲೇ ನೂರರಿಂದ ಗುಣಿಸಿ ನೋಡಿ ಹಿಂದೆ ಸರಿದೆ. ಹೊಟ್ಟೆಯ ಹಸಿವು, ದಿನವಿಡೀ ಪ್ರಯಾಣದ ದಣಿವು ಎಲ್ಲ ಸೇರಿ ನಾಲಿಗೆಯ ತುದಿಗೆ ಮಾತು ಬಂತು: 'ಇಷ್ಟೆಲ್ಲ ಗೆರೆ ಹಾಕಿ ಲೆಕ್ಕ ಮಾಡಿದೆಯಲ್ಲ, ವಾರ ಯಾವುದು ಅಂತ ನೋಡ್ಲಿಲ್ವಾ?'

ಅಷ್ಟರಲ್ಲಿ ಮಗಳೇ ಹೇಳಿದಳು: 'ತಪ್ಪು ನನ್ನದು. ಇದನ್ನ ಕೇಳ್ಕೊಳ್ಳೋಕೆ ಮರೆತೆ. ಇರಿ, ನಾನೇ ವಿಚಾರಿಸ್ಕೊಂಡು ಬರ್ತೀನಿ.' ವಸತಿಗೃಹದ ಕೆಳಗಿನ ಮಹಡಿಗೆ ಒಬ್ಬಳೇ ಇಳಿದುಹೋದಳು. ನಾನು ಹಿಂದೆಯೇ ಹೊರಟಾಗ ನನ್ನಾಕೆ ತೋಳು ಹಿಡಿದು ನಿಲ್ಲಿಸಿದಳು. 'ಸ್ವಲ್ಪ ಇರಿ, ಅವಳೇ ಹೋಗ್ಬರ್ಲಿ.' ಕಾಲು ಗಂಟೆ ಕಳೆಯಿತು. ನನಗೆ ಅದು ಒಂದು ತಾಸು. ಆಮೇಲೆ ಮಗಳು ಬಂದಳು. ಕೈಯಲ್ಲಿ ಆಲೂಗೆಡ್ಡೆ, ಒಂದಿಷ್ಟು ಗಿಣ್ಣು, ಜೊತೆಗೆ ಬಳೆಯಾಕಾರದ ದೊಡ್ಡದೊಂದು ಬ್ರೆಡ್ಡು. ಆ ಮನೆಯ ಅಜ್ಜಿಗೆ ಇಂಗ್ಲಿಷು ಬಾರದು, ಇವಳಿಗೆ ಇಟಾಲಿಯನ್ ಬಾರದು. ಕೈಸನ್ನೆಯಲ್ಲೇ ವ್ಯವಹಾರ ಮುಗಿಸಿದ್ದಾರೆ. ಬ್ರಾಷಾದೇಲಾ ಎನ್ನುವ ಆ ಬ್ರೆಡ್ಡು ಈ ಕಣಿವೆಯದೇ ವಿಶೇಷವಂತೆ. ರೈ ಎಂಬ ಧಾನ್ಯದ ಹಿಟ್ಟಿಗೆ ಸೋಂಪು ಹಾಕಿ ಮಾಡುತ್ತಾರೆ. ಚಟ್ನಿಪುಡಿ ನಮ್ಮ ಚೀಲದಲ್ಲಿತ್ತು. 'ಇದು ರಾಕ್ಷಸರ ಕೋಡುಬಳೆ' ಎಂದು ಮಗ ಅರ್ಧ ಕಬಳಿಸಿದ.

ಊಟವಾದ ಮೇಲೆ ಬೀದಿಯಲ್ಲಿ ಅಡ್ಡಾಡಿದೆವು. ಊರಿನ ಒಂದು ಅಂಚಿನಲ್ಲಿ ಬಣ್ಣ ಬಣ್ಣದ ಭವ್ಯ ಮನೆಗಳ ಸಾಲು. ಈ ಬಡ ಕಣಿವೆಯ ಹುಡುಗರು ಹಿಂದೆ ಸ್ಪೇನ್ ಮೊದಲಾದ ದೇಶಗಳಿಗೆ ಹೋಗಿ ಮಿಠಾಯಿ ಅಂಗಡಿ, ಕಾಫಿ ಅಂಗಡಿಗಳಲ್ಲಿ ದುಡಿದು, ಹಣ ಕೂಡಿಸಿ ಮರಳಿದ ಮೇಲೆ 19ನೇ ಶತಮಾನದಲ್ಲಿ ಕಟ್ಟಿಸಿದ ಮನೆಗಳಂತೆ. ನಾನು ಬಹಳ ಹೊತ್ತು ನೋಡುತ್ತ ನಿಂತೆ. ನನ್ನ ಅಜ್ಜ ಕುಂದಾಪುರದ ಕಡೆಯವರು. ಹನ್ನೆರಡನೇ ವಯಸ್ಸಿಗೆ ಮುಂಬೈಗೆ ಹೋಗಿ ಹೋಟೆಲಿನಲ್ಲಿ ಲೋಟ ತೊಳೆದು, ಕೊನೆಗೆ ಊರಲ್ಲಿ ಹಂಚಿನ ಮನೆ ಕಟ್ಟಿಸಿದವರು. ಏನಾಗುತ್ತೀ ಎಂದು ಅಜ್ಜನನ್ನು ಯಾರೂ ಕೇಳಲಿಲ್ಲ, ಹಸಿವು ತೀರ್ಮಾನಿಸಿತು. ನನ್ನನ್ನೂ ಯಾರೂ ಕೇಳಲಿಲ್ಲ, ಅಪ್ಪ ತೀರ್ಮಾನಿಸಿದರು. ಅದರಿಂದ ಕೆಟ್ಟದ್ದೇನೂ ಆಗಲಿಲ್ಲ ಎಂದೇ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ.

ಮರುದಿನ ಅದೇ ಪಾಸಿನಲ್ಲಿ ಮತ್ತೆ ಮೇಲೇರಿ ಆಲ್ಪ್ ಗ್ರೂಮ್ ನಿಲ್ದಾಣಕ್ಕೆ ಹೋದೆವು. 2,091 ಮೀಟರ್ ಎತ್ತರ, ವಾಹನದ ರಸ್ತೆಯೇ ಇಲ್ಲ. ಬರುವುದಾದರೆ ರೈಲಿನಲ್ಲಿ, ಇಲ್ಲವೇ ನಡೆದು. ಎದುರಿಗೆ ಪಾಲೂ ಹಿಮನದಿ. ನೆರಳಿನ ಜಾಗದಲ್ಲಿ ಉಳಿದಿದ್ದ ಹಿಮವನ್ನು ಮಗ ಉಂಡೆ ಮಾಡಿ ಅಕ್ಕನಿಗೆ ಎಸೆದು ಹರಕೆ ತೀರಿಸಿಕೊಂಡ. ನನ್ನಾಕೆ ಬೆಂಚಿನ ಮೇಲೆ ಕಾಲು ಚಾಚಿ ಕುಳಿತು ಬೆಟ್ಟ ನೋಡಿದಳು. ಗಾಡಿಗಳು ಹೋದವು, ಬಂದವು. ಯಾವುದನ್ನೂ ಓಡಿ ಹಿಡಿಯಬೇಕಾಗಿರಲಿಲ್ಲ. ಗಂಟೆಗೊಂದು ಗಾಡಿಯಿತ್ತು.

ಮೂರನೆಯ ದಿನ ಕಣಿವೆ ಇಳಿದೆವು. ಲೆ ಪ್ರೇಸೆ ಎಂಬಲ್ಲಿ ರೈಲು ಕಾರುಗಳ ನಡುವೆ ಬೀದಿಯಲ್ಲೇ ಓಡಿತು. ಬ್ರೂಸಿಯೊದಲ್ಲಿ ಒಂಬತ್ತು ಕಮಾನಿನ ವೃತ್ತಾಕಾರದ ಸೇತುವೆಯ ಮೇಲೆ ಪೂರ್ತಿ ಒಂದು ಸುತ್ತು ಹಾಕಿ ತನ್ನದೇ ಹಳಿಯ ಕೆಳಗೆ ನುಸುಳಿತು. ತಿರಾನೊದಲ್ಲಿ ಮಿಲಾನ್ ಗಾಡಿಯ ಟಿಕೆಟ್ ಬೇರೆ ಕೊಂಡು ಹತ್ತಿದೆವು. ಕೋಮೊ ಸರೋವರದ ದಂಡೆ ಬರುವ ಹೊತ್ತಿಗೆ ಮಕ್ಕಳಿಬ್ಬರಿಗೂ ನಿದ್ದೆ. ದಿನದ ಖರ್ಚು ಬರೆಯೋಣವೆಂದು ಮಗಳ ನೋಟ್‌ಬುಕ್ ತೆಗೆದು ಖಾಲಿ ಹಾಳೆ ಹುಡುಕುತ್ತ ಹೋದೆ.

ಊರುಗಳ ಪಟ್ಟಿಯ ಹಿಂದಿನ ಹಾಳೆಯಲ್ಲಿ ಇನ್ನೊಂದು ಪಟ್ಟಿಯಿತ್ತು. ಅದೇ ಸ್ಕೇಲಿನ ಗೆರೆ. ಮೇಲೆ ಎರಡೇ ಹೆಸರು: ವಿಜ್ಞಾನ, ಕಲೆ. ಪಕ್ಕದಲ್ಲಿ ಅಂಥವೇ ಪ್ರಶ್ನೆಗಳು. 'ನನಗೆ ಹೋಗಬೇಕಾದ ದಾರಿಯಲ್ಲಿದೆಯೇ?' 'ಹೊರೆ ಎಷ್ಟು?' 'ಕಷ್ಟ ಬಂದರೆ ಏನು ಮಾಡುವುದು?' 'ತಪ್ಪಿದರೆ ಮುಂದಿನ ಗಾಡಿ?' ಈ ಕೊನೆಯದರ ಮುಂದೆ ಕಲೆಯ ಖಾನೆಯಲ್ಲಿ ಹೀಗೆ ಬರೆದಿದ್ದಳು: 'ಆಮೇಲೆ ಡಾಕ್ಟರ್, ಎಂಜಿನಿಯರ್ ಆಗಬೇಕು ಅನ್ನಿಸಿದರೆ ಗಾಡಿ ಇಲ್ಲ. ಇದು ನಿಜ.' ವಿಜ್ಞಾನದ ಖಾನೆಯಲ್ಲಿ: 'ಪಿಯುಸಿ ಆದಮೇಲೆ ಬಿಎಗೂ ಬರಬಹುದು. ಗಾಡಿ ಇದೆ. ಆದರೆ ಎರಡು ವರ್ಷ ಸುರಂಗ.' ನಾನು ಅವಳಿಗೆ ಹೇಳಬೇಕೆಂದು ಒಂದು ತಿಂಗಳಿನಿಂದ ಕೂಡಿಟ್ಟುಕೊಂಡಿದ್ದ ವಾದವನ್ನು ಅವಳೇ ನನಗಿಂತ ಚೆನ್ನಾಗಿ, ತನಗೆ ವಿರುದ್ಧವಾಗಿ ಬರೆದುಕೊಂಡಿದ್ದಳು. ಕೆಳಗೆ, ಬೇರೆ ಶಾಯಿಯಲ್ಲಿ, ಪೊಸ್ಕ್ಯಾವೊದ ಭಾನುವಾರದ ನಂತರ ಸೇರಿಸಿದ್ದಿರಬೇಕು: 'ಯಾವುದನ್ನು ಕೇಳಲು ಮರೆತಿದ್ದೇನೆ?' ಅದಕ್ಕೂ ಕೆಳಗೆ ಇನ್ನೊಂದು ಸಾಲು: 'ಅಪ್ಪನ ಅಭಿಪ್ರಾಯ.' ಅದರ ಮುಂದಿನ ಎರಡೂ ಖಾನೆ ಖಾಲಿ.

ನಾನು ಕೇಳದೆಯೇ ಪೆನ್ಸಿಲ್ಲಿನಲ್ಲಿ ಗುರುತು ಹಾಕಿದ್ದವನು. ಅವಳು ಕೇಳುವುದಕ್ಕೆ ಜಾಗ ಬಿಟ್ಟಿದ್ದಳು. ಸರೋವರದ ಪಕ್ಕದ ಸಣ್ಣ ಸುರಂಗಗಳು ಒಂದಾದ ಮೇಲೊಂದು ಬರುತ್ತಿದ್ದವು. ಬೆಳಕು ಬಂದಾಗಲೆಲ್ಲ ಆ ಖಾಲಿ ಖಾನೆ ಕಾಣುತ್ತಿತ್ತು. ಒಪ್ಪಿಗೆ ಎಂದು ಬರೆಯಲು ಧೈರ್ಯ ಬರಲಿಲ್ಲ, ಬೇಡ ಎಂದು ಬರೆಯಲು ಕಾರಣ ಉಳಿದಿರಲಿಲ್ಲ. ಕೊನೆಗೆ ಕಲೆಯ ಖಾನೆಯಲ್ಲಿ ಬರೆದೆ: 'ಹಾಸನದಲ್ಲಿ ಭೂಗೋಳವನ್ನು ಚೆನ್ನಾಗಿ ಪಾಠ ಮಾಡುವ ಕಾಲೇಜು ಯಾವುದು? ಇಬ್ಬರೂ ಹೋಗಿ ವಿಚಾರಿಸೋಣ.' ಪುಸ್ತಕವನ್ನು ಅವಳ ಮಡಿಲಲ್ಲಿಟ್ಟು ಕಿಟಕಿಯ ಕಡೆ ತಿರುಗಿ ಕುಳಿತೆ.

ಊರಿಗೆ ಬಂದು ಮೂರು ಕಾಲೇಜು ವಿಚಾರಿಸಿದೆವು. ಜೂನ್‌ನಲ್ಲಿ ಅವಳು ಆರ್ಟ್ಸ್ ಸೇರಿದಳು. ಸರಿ ಮಾಡಿದೆನೋ ಇಲ್ಲವೋ ಎಂದು ಈಗಲೂ ಕೆಲವು ರಾತ್ರಿ ಎಚ್ಚರವಾಗುತ್ತದೆ. ನಮ್ಮ ಊರಿನಲ್ಲಿ ಗಾಡಿ ಗಂಟೆಗೊಂದು ಇರುವುದಿಲ್ಲ. ಕಾಲೇಜಿನ ಎರಡನೆಯ ದಿನವೇ ಬಸ್ಸು ತಪ್ಪಿಸಿಕೊಂಡಳು. ಸ್ಟಾಪಿನಿಂದ ಫೋನು ಮಾಡಿ, ನಾನು ಬಾಯಿ ತೆರೆಯುವ ಮೊದಲೇ, 'ಅಪ್ಪಾ, ಬರೋದು ಬೇಡ. ಮುಂದಿನ ಬಸ್ಸು ಎಂಟೂ ನಲವತ್ತಕ್ಕೆ' ಎಂದಳು.